ಶಿವಾನಿ ಮಲಗಿದ್ದಾಳೆ, ಬಾಗಿಲು ತಟ್ಟಬೇಡಿ

ಗುರುವಾರ, ಬೆಳಗ್ಗೆ ಹನ್ನೊಂದೂಕಾಲು. ಠಾಣೆ ಸ್ಟೇಷನ್ನಿನಲ್ಲಿ ಪನ್ವೇಲ್ ಗಾಡಿ ಹತ್ತಿದ ಶಿವಾನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅವಳು ಇಳಿಯಬೇಕಾದ ತುರ್ಭೆಗೆ ಇಪ್ಪತ್ತೈದು ನಿಮಿಷ. ಐರೋಲಿ ಬಂದದ್ದು ಅವಳಿಗೆ ನೆನಪಿದೆ. ಆಮೇಲೆ ನೆನಪಿರುವುದು, ಯಾರೋ ಭುಜ ಹಿಡಿದು ಅಲುಗಿಸಿದ್ದು.

"ಅಗಂ ಬಾಯಿ, ಊಠ್! ಪನ್ವೇಲ್ ಆಲಂ!"

ಗಾಡಿ ಕೊನೆಯ ಸ್ಟೇಷನ್ ಮುಟ್ಟಿತ್ತು. ಶಿವಾನಿ ಎದುರಿನ ಗಾಡಿ ಹಿಡಿದು ತುರ್ಭೆಯ ಮನೆ ಸೇರುವಾಗ ಒಂದು ಗಂಟೆ ದಾಟಿತ್ತು. ಅತ್ತೆ ಮಹಾದೇವಕ್ಕ ಬಾಗಿಲಲ್ಲೇ ನಿಂತಿದ್ದರು.

"ಎಲ್ಲಿ ಹೋಗಿದ್ದಿ? ಪಲ್ಯಾ ಮಾಡಾಕ ಕಾಯಿಪಲ್ಲೆ ಹಂಗ ಬಿದ್ದೈತಿ."

"ಪನ್ವೇಲಕ್ಕ ಹೋಗಿದ್ದೆ ಅತ್ತಿ."

"ಅಲ್ಲೇನಿತ್ತು?"

"ಏನಿಲ್ಲ. ಗಾಡಿನ ಕರಕೊಂಡು ಹೋತು."

ಇಬ್ಬರೂ ನಕ್ಕರು. ಅಂದು ರಾತ್ರಿಯ ಹೊತ್ತಿಗೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ.

ಶಿವಾನಿಗೆ ಮೂವತ್ನಾಲ್ಕು ವರ್ಷ. ವಿಜಯಪುರ ಜಿಲ್ಲೆಯ ಕುಟುಂಬ. ಗಂಡ ಶಶಿಕಾಂತ್ ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಗಲು ಕೆಲಸ ಮಾಡುತ್ತಾನೆ. ಶಿವಾನಿಯದು ಮನೆಗೆ ಹೋಗಿ ಹಿರಿಯರ, ಕಾಯಿಲೆಯವರ ಆರೈಕೆ ಮಾಡುವ ಕೆಲಸ. ಅದರಲ್ಲೂ ತುಂಡು ಡ್ಯೂಟಿ. ಬೆಳಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಎರಡೂ ಠಾಣೆಯ ನೌಪಾಡಾದ ಒಂದೇ ಮನೆಯಲ್ಲಿ. ಕೇಳುವವರಿಗೆ ಎಂಟೇ ಗಂಟೆಯ ಕೆಲಸ. "ನಡುವ ಆರು ತಾಸು ಆರಾಮ ಅಲ್ಲ?" ಎಂದು ಓಣಿಯವರು ಕೇಳುತ್ತಾರೆ.

ಆ ಆರು ತಾಸು ಹೀಗೆ ಕರಗುತ್ತಿತ್ತು: ಹೋಗಿ ಬರಲು ಒಂದು ತಾಸು ನಲವತ್ತು ನಿಮಿಷ. ಉಳಿದದ್ದರಲ್ಲಿ ಅಡುಗೆ, ಬಟ್ಟೆ, ಪಾತ್ರೆ, ರೇಷನ್ ಅಂಗಡಿ, ರಾತ್ರಿಯ ರೊಟ್ಟಿ. ಬೆಳಗ್ಗೆ ನಾಲ್ಕೂವರೆಗೆ ಎದ್ದವಳು ರಾತ್ರಿ ಮಲಗುವಾಗ ಹನ್ನೊಂದೂವರೆ. ಐದು ತಾಸು ನಿದ್ದೆ. ಕೆಲಸದ ಮನೆ ಬದಲಾದರೂ ಎರಡು ವರ್ಷದಿಂದ ಇದೇ ಕ್ರಮ.

ನೌಪಾಡಾದ ಮನೆಯಲ್ಲಿ ಅವಳು ನೋಡಿಕೊಳ್ಳುವುದು ಜಾನಕಿಯವರನ್ನು. ಎಪ್ಪತ್ತೊಂದು ವರ್ಷ, ಮೈಸೂರಿನವರು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲು ಸೋತಿದ್ದವು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಮಗ ಕಿಟ್ಟಿ ಮನೆಯಿಂದಲೇ ಐಟಿ ಕೆಲಸ ಮಾಡುತ್ತ ಅಡುಗೆಯನ್ನೂ ಮಾಡುತ್ತಿದ್ದ. ಅವನು ಮಾಡಿದ ಸಾರು ಕುಡಿದಾಗಲೆಲ್ಲ ಜಾನಕಿಯವರು ಹೇಳುವ ಮಾತು ಒಂದೇ: "ಇದು ಸಾರಲ್ಲ ಕಣೋ, ಬಿಸಿನೀರಿಗೆ ಮಾಡಿದ ಅವಮಾನ."

ಅವರಿಗೊಂದು ಹಟವಿತ್ತು. ತಮ್ಮ ಹಾಸಿಗೆಯಿಂದ ಅಡುಗೆಮನೆಗೆ ತಾವೇ ನಡೆದು ಹೋಗಬೇಕು. ಸಾರಿಗೆ ತಮ್ಮ ಕೈಯಿಂದಲೇ ಒಗ್ಗರಣೆ ಹಾಕಬೇಕು. ದೂರ ಹದಿನೆಂಟು ಹೆಜ್ಜೆ. ಹಿಂದಿನ ವಾರ ಅವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಶಿವಾನಿ ಆ ಪಟ್ಟಿ ಹಿಡಿದುಕೊಂಡು, ಹತ್ತು ಹೆಜ್ಜೆ ನಡೆದಿದ್ದರು. ಫಿಸಿಯೋಥೆರಪಿಸ್ಟ್ ಅಭಯ್ ಭಾನುವಾರಕ್ಕೆ ಒಪ್ಪಿದ್ದರು. ಮನೆಯಲ್ಲಿ ಹಬ್ಬದ ಗಡಿಬಿಡಿ. ಜಾನಕಿಯವರು ಸಾಸಿವೆ ಡಬ್ಬಿಯನ್ನು ಬುಧವಾರವೇ ಒಲೆಯ ಪಕ್ಕ ಇಡಿಸಿದ್ದರು.

ಅದೇ ಗುರುವಾರ ರಾತ್ರಿ ಎಂಟೂ ನಲವತ್ತು. ಶಿವಾನಿ ಜಾನಕಿಯವರನ್ನು ಗಾಲಿಕುರ್ಚಿಯಿಂದ ಹಾಸಿಗೆಗೆ ದಾಟಿಸಲು ಎಬ್ಬಿಸುತ್ತಿದ್ದಳು. ಅವರು ಅರ್ಧ ಎದ್ದದ್ದೇ ತಡ, ಕುರ್ಚಿ ಹಿಂದಕ್ಕೆ ಸರಿಯಿತು. ಬ್ರೇಕ್ ಹಾಕಿರಲಿಲ್ಲ. ಜಾನಕಿಯವರು ವಾಲಿದರು. ಪಕ್ಕದ ಕೋಣೆಯಿಂದ ಓಡಿ ಬಂದ ಕಿಟ್ಟಿ ತಾಯಿಯನ್ನು ತೋಳಿನಲ್ಲಿ ಹಿಡಿದ. ಇಬ್ಬರೂ ಸೇರಿ ಅವರನ್ನು ಹಾಸಿಗೆಯ ಮೇಲೆ ಕೂರಿಸಿದರು.

"ಶಿವಾನಿ, ಬ್ರೇಕ್ ಯಾಕೆ ಹಾಕ್ಲಿಲ್ಲ?" ಕಿಟ್ಟಿ ಕುರ್ಚಿಯ ಗಾಲಿ ನೋಡಿ ಕೇಳಿದ.

"ಹಾಕೀನಿ ಅಂತ ತಿಳಕೊಂಡಿದ್ದೆ ಸರ್."

"ನನಗೇನೂ ಆಗಿಲ್ಲ ಕಣೋ," ಎಂದರು ಜಾನಕಿಯವರು. "ಇವಳ ಮುಖ ನೋಡು. ಬಿದ್ದಿದ್ದು ನಾನೋ ಇವಳೋ ಅನ್ನೋ ಹಾಗಿದೆ."

ಕಿಟ್ಟಿ ನಗಲಿಲ್ಲ. "ಭಾನುವಾರ ನಡೆಯೋದು ಬೇಡ," ಎಂದ.

ಶಿವಾನಿ ದಿನವೂ ತುಂಬುವ ಚಾರ್ಟ್ ತೆಗೆದಳು. ರೋಗಿಯ ಊಟ, ನೀರು, ನಿದ್ದೆ, ನೋವು ಎಲ್ಲ ಬರೆಯುವ ಹಾಳೆ ಅದು. ಕೆಳಗೆ ಬರೆದಳು: "ರಾತ್ರಿ 8.40. ಕುರ್ಚಿಯ ಬ್ರೇಕ್ ಹಾಕಿರಲಿಲ್ಲ. ಕುರ್ಚಿ ಸರಿಯಿತು. ಪೆಟ್ಟಿಲ್ಲ. ತಪ್ಪು ನನ್ನದು." ಫೋಟೋ ತೆಗೆದು, ತನ್ನನ್ನು ಕೆಲಸಕ್ಕೆ ಕಳಿಸುವ ಸಂಸ್ಥೆಯ ಮೇಲ್ವಿಚಾರಕಿ ಮಾನಸಿ ಸಿಸ್ಟರ್‌ಗೆ ಕಳಿಸಿದಳು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಮಾನಸಿ ಇಪ್ಪತ್ತೆರಡು ವರ್ಷಗಳ ಅನುಭವದ ನರ್ಸ್, ಕುಂದಾಪುರದ ಕಡೆಯವರು. ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ನೌಪಾಡಾಕ್ಕೆ ಬಂದರು. ಕಿಟ್ಟಿ ನೇರವಾಗಿಯೇ ಹೇಳಿದ.

"ಸಿಸ್ಟರ್, ಶಿವಾನಿ ಒಳ್ಳೆಯವಳು. ಆದರೆ ಅಮ್ಮನ್ನ ನಡೆಸೋ ಕೈ ತೂಕಡಿಸ್ಬಾರ್ದು. ಬೇರೆ ಯಾರನ್ನಾದರೂ ಕೊಡಿ."

ಶಿವಾನಿ ತಲೆ ತಗ್ಗಿಸಿ ನಿಂತಿದ್ದಳು. ಹಾಸಿಗೆಯಿಂದ ಜಾನಕಿಯವರು ಏನೋ ಹೇಳಲು ಹೊರಟರು. ಮಾನಸಿ ಕೈಸನ್ನೆ ಮಾಡಿ ತಡೆದರು. ಚೀಲದಿಂದ ಖಾಲಿ ಚಾರ್ಟ್ ತೆಗೆದು ಶಿವಾನಿಯ ಮುಂದಿಟ್ಟರು.

"ಒಂದು ಹೊಸ ಪೇಶಂಟ್ ಉಂಟು. ನಾನು ಹೇಳ್ತೇನೆ, ನೀನು ಬರಿ. ಹೆಂಗಸು. ಮೂವತ್ನಾಲ್ಕು ವರ್ಷ. ರಾತ್ರಿ ನಿದ್ದೆ ಐದು ಗಂಟೆ. ಹಗಲು ನಿದ್ದೆ ಇಲ್ಲ."

ಶಿವಾನಿ ಬರೆದಳು. "ಬರೇ ಐದ ತಾಸಾ? ಡಾಕ್ಟರ್‌ಗೆ ಹೇಳ್ಯಾರೇನ್ರಿ?"

"ಇಲ್ಲ. ಬರಿ. ಬೆಳಗ್ಗೆಯಿಂದ ನೀರು ಒಂದು ಲೋಟ. ದಿನಕ್ಕೆ ಚಹಾ ಆರು. ಕೊನೆಯದ್ದು ರಾತ್ರಿ ಹತ್ತೂವರೆಗೆ. ಊಟ ನಿಂತ್ಕೊಂಡು."

"ಅಯ್ಯ! ಮನ್ಯಾಗ ನೋಡಾವ್ರು ಯಾರೂ ಇಲ್ಲೇನ್ರಿ ಈ ಪೇಶಂಟಿಗೆ?"

"ಅದನ್ನೇ ನಾನೂ ಕೇಳ್ತಾ ಇರುದು. ಮಾಡದ ಕೆಲಸವನ್ನು ಮಾಡಿದ್ದೇನೆ ಅಂತ ಹೇಳುದು ಉಂಟು. ಕೂತಲ್ಲೇ ನಿದ್ದೆ. ನಿನ್ನೆ ತುರ್ಭೆಯಲ್ಲಿ ಇಳಿಯಬೇಕಾದವಳು ಪನ್ವೇಲಿಗೆ ಹೋಗಿ ಎದ್ದಳಂತೆ."

ಪೆನ್ನು ನಿಂತಿತು. ಪನ್ವೇಲಿನ ಕಥೆಯನ್ನು ಜಾನಕಿಯವರಿಗೆ ಅವಳೇ ನಗುತ್ತ ಹೇಳಿದ್ದಳು. ಅವಳ ನಿದ್ದೆ, ಚಹಾ, ಊಟದ ಸಂಗತಿಯ ಜೊತೆಗೆ ಅವರು ಅದನ್ನೂ ಫೋನಿನಲ್ಲಿ ಮಾನಸಿಗೆ ದಾಟಿಸಿದ್ದರು.

"ಈಗ ಹೇಳು ಶಿವಾನಿ. ಈ ಪೇಶಂಟಿನ ಕೈಗೆ ನೀನು ಜಾನಕಿ ಅಮ್ಮನವರನ್ನು ಕೊಡ್ತೀಯಾ?"

ಶಿವಾನಿ ತಾನು ಬರೆದದ್ದನ್ನು ಮೊದಲಿನಿಂದ ಓದಿದಳು. "ಕೊಡಂಗಿಲ್ರಿ," ಎಂದಳು.

"ಹಾಂ. ಆದ್ರೆ ಪೇಶಂಟಿಗೆ ಬೈದರೆ ಗುಣ ಆಗುದಿಲ್ಲ. ಚಿಕಿತ್ಸೆ ಕೊಡ್ಬೇಕು." ಮಾನಸಿ ಕಿಟ್ಟಿಯ ಕಡೆ ತಿರುಗಿದರು. "ನಿನ್ನೆ ಎಂಟೂ ನಲವತ್ತಕ್ಕೆ ಇವಳು ಹಾಸಿಗೆ ಬಿಟ್ಟು ಹದಿನಾರು ಗಂಟೆ ಹತ್ತು ನಿಮಿಷ ಆಗಿತ್ತು. ಹದಿನೇಳು ಗಂಟೆ ಎಚ್ಚರ ಇದ್ದವರನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಕೈ, ಬುದ್ಧಿ ಎರಡೂ ಸ್ವಲ್ಪ ಕುಡಿದವರಷ್ಟು ನಿಧಾನ ಆಗ್ತದೆ."

"ಯವ್ವಾ! ನಾ ಕುಡದಾವ್ರಂಗ ಡ್ಯೂಟಿ ಮಾಡಾಕತ್ತೀನೇನ್ರಿ ಹಂಗಾರ?"

"ವಾಸನೆ ಬರುದಿಲ್ಲ. ಅಷ್ಟೇ ವ್ಯತ್ಯಾಸ."

ಜಾನಕಿಯವರು ಜೋರಾಗಿ ನಕ್ಕರು. ಕಿಟ್ಟಿಗೂ ನಗು ಬಂತು. ಮಾನಸಿ ಮುಂದುವರಿಸಿದರು. "ದೊಡ್ಡವರಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕಡಿಮೆ ಅಂದ್ರೂ ಏಳು ಗಂಟೆ ನಿದ್ದೆ ಬೇಕು. ಒಂದೇ ಸಲಕ್ಕೆ ಸಿಕ್ಕಿದ್ರೆ ಬಹಳ ಒಳ್ಳೇದು. ತುಂಡು ಡ್ಯೂಟಿಯಲ್ಲಿ ಸಿಗುದು ಕಷ್ಟ. ಹಾಗಾದ್ರೆ ರಾತ್ರಿ ಒಂದು ದೊಡ್ಡ ತುಂಡು, ಮಧ್ಯಾಹ್ನ ಒಂದು ಸಣ್ಣ ತುಂಡು. ದಿನಾ ಅದೇ ಹೊತ್ತಿಗೆ. ಮಲಗುವ ಆರು ಗಂಟೆ ಮೊದಲೇ ಚಹಾ ಬಂದ್. ಎದ್ದ ಮೇಲೆ ಅರ್ಧ ಗಂಟೆ ಯಾರನ್ನೂ ಎತ್ತಬಾರದು, ಆಗ ಮೈ ಎದ್ದಿರ್ತದೆ, ಬುದ್ಧಿ ಎದ್ದಿರುದಿಲ್ಲ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರದ ತನಕ ನನಗೆ ಸಮಯ ಕೊಡಿ. ಅಷ್ಟರಲ್ಲಿ ಇವಳ ಚಾರ್ಟ್ ಸರಿಯಾಗದಿದ್ರೆ ನಾನೇ ಬೇರೆಯವರನ್ನು ಕಳಿಸ್ತೇನೆ."

ಕಿಟ್ಟಿ ಒಪ್ಪಿದ. "ಸರಿ. ಭಾನುವಾರದ ತನಕ."

"ಇನ್ನೊಂದು ವಿಷಯ. ಸಂಜೆ ಡ್ಯೂಟಿ ಒಂಬತ್ತಕ್ಕೇ ಯಾಕೆ ಮುಗೀಬೇಕು?"

ಕಿಟ್ಟಿ ತಾಯಿಯ ಕಡೆ ನೋಡಿದ. "ಮೊದಲಿನಿಂದ ಹಾಗೇ ಇದೆ. ಅಮ್ಮ ಮಲಗೋದು ಒಂಬತ್ತಕ್ಕೆ ಅಂತ..."

"ಯಾರೋ ಹಾಗಂದಿದ್ದು?" ಜಾನಕಿಯವರು ಹಾಸಿಗೆಯಲ್ಲೇ ನೆಟ್ಟಗಾದರು. "ಎಂಟಕ್ಕೇ ನನಗೆ ಕಣ್ಣು ಎಳೀತಿರತ್ತೆ. ಪಾಪ, ಇವಳ ಡ್ಯೂಟಿ ಮುಗಿದಿಲ್ಲವಲ್ಲ ಅಂತ ಒಂಬತ್ತರವರೆಗೂ ಎದ್ದಿರ್ತಿದ್ದೆ."

"ನೀವು ಮಲಗಿಲ್ಲಲ್ಲ ಅಂತ ನಾ ಕುಂದರ್ತಿದ್ದೆ ಅಮ್ಮಾರ!" ಎಂದಳು ಶಿವಾನಿ.

ಐದು ತಿಂಗಳು ಒಬ್ಬರಿಗಾಗಿ ಒಬ್ಬರು ಆಕಳಿಸುತ್ತ ಕೂತಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅಲ್ಲೇ ನಿಂತು ಸಂಜೆಯ ಹೊತ್ತು ಬದಲಾಯಿತು: ನಾಲ್ಕರಿಂದ ಎಂಟು. ಕೆಲಸದ ಗಂಟೆಗಳು ಅಷ್ಟೇ, ಸಂಬಳವೂ ಅಷ್ಟೇ. ಆದರೆ ಶಿವಾನಿ ಒಂಬತ್ತರೊಳಗೆ ಮನೆಯಲ್ಲಿರಬಹುದು.

ಉಳಿದದ್ದು ಮಧ್ಯಾಹ್ನದ ತುಂಡು. ಸುಲಭ ಎಂದುಕೊಂಡಿದ್ದಳು. ಕಷ್ಟ ಇದ್ದದ್ದೇ ಅಲ್ಲಿ.

ಅವರ ಓಣಿಯಲ್ಲಿ ಒಂದು ರೂಢಿಯಿದೆ. ಹತ್ತಕ್ಕೆ ಹನ್ನೆರಡಡಿಯ ಮನೆಗಳು, ಹಗಲೆಲ್ಲ ಬಾಗಿಲು ತೆರೆದೇ ಇರುತ್ತವೆ. ಗಾಳಿ ಬರುವುದೂ ಅಲ್ಲಿಂದಲೇ, ಸುದ್ದಿ ಬರುವುದೂ ಅಲ್ಲಿಂದಲೇ. ಹಗಲು ಬಾಗಿಲು ಮುಚ್ಚಿದೆ ಎಂದರೆ ಒಳಗೆ ಸಾವು, ಇಲ್ಲವೇ ಜಗಳ.

ಶನಿವಾರ ಹನ್ನೆರಡೂವರೆಗೆ ಶಿವಾನಿ ಬಾಗಿಲು ಮುಚ್ಚಿ ಚಾಪೆ ಹಾಸಿದಳು. ಹನ್ನೆರಡೂ ನಲವತ್ತಕ್ಕೆ ಮೊದಲ ಬಡಿತ. ಎದುರು ಮನೆಯ ಚಂದ್ರಬಾಯಿ, ಬೀದರ್ ಕಡೆಯವಳು.

"ಏ ಶಿವಾನಿ! ಎಲ್ಲಾ ಬರೋಬರಿ ಅದ ಇಲ್ಲೋ?"

"ಅದ ಅಕ್ಕಾ, ಮಲಗೀನಿ."

"ಜ್ವರಾ ಬಂದಾವೇನು?"

ಜ್ವರದ ಸುದ್ದಿ ಓಣಿ ಸುತ್ತಿತು. ಒಬ್ಬಳು ಮಾತ್ರೆ ತಂದಳು. ಇನ್ನೊಬ್ಬಳು ನಿಂಬೆ ಶರಬತ್ತು ತಂದಳು. ಮೂರನೆಯವಳು ಕಿಟಕಿಯಲ್ಲಿ ಬಾಯಿಟ್ಟು ಮೆಲ್ಲಗೆ ಕೇಳಿದಳು, "ಶಶಿಕಾಂತ್ ಕೈ ಮಾಡಿದ್ನೇನವಾ?" ಅರ್ಧ ತಾಸಿನಲ್ಲಿ ಬಾಗಿಲಿಗೆ ಐದು ಸಲ ಬಡಿತ ಬಿತ್ತು. ಶಿವಾನಿ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ.

ಮಹಾದೇವಕ್ಕನ ಸಿಟ್ಟು ನೆತ್ತಿಗೇರಿತ್ತು. "ಮಂದಿ ಮುಂದ ಮಾರಿ ಎತ್ತಲಾರದಂಗ ಮಾಡಿದಿ. ಹಾಡಹಗಲ ಹೆಣ್ಮಗಳು ಕಾಲು ಚಾಚಿ ಮಲಗಿದ್ರ ಮನಿಗೆ ದರಿದ್ರ ಹತ್ತತೈತಿ. ನಮ್ಮ ಮನಿತನದಾಗ ಇಲ್ಲ ಇದು."

ಭಾನುವಾರ ಮಧ್ಯಾಹ್ನ ಮಾನಸಿ ತುರ್ಭೆಗೇ ಬಂದರು. ಶಶಿಕಾಂತ್ ಮನೆಯಲ್ಲಿದ್ದ. ಮಹಾದೇವಕ್ಕ ಚಹಾ ಕೊಟ್ಟರು, ಬಿಗುಮುಖದಿಂದ.

"ನಿದ್ದಿ ಔಷಧ ಅಂತ ಹೇಳಾಕ ಬಂದೀರೇನ್ರಿ ಸಿಸ್ಟರ್?"

"ಇಲ್ಲ ಮಹಾದೇವಕ್ಕ. ಒಂದು ವಿಷಯ ಕೇಳ್ಲಿಕ್ಕೆ ಬಂದದ್ದು. ಶಶಿಕಾಂತ್ ಮೊದಲು ನೈಟ್ ಶಿಫ್ಟ್ ಮಾಡ್ತಿದ್ರಂತೆ ಅಲ್ವಾ?"

"ಎರಡು ವರ್ಷ ಮಾಡ್ಯಾನ." ಮಹಾದೇವಕ್ಕನ ಮುಖ ತುಸು ಸಡಿಲಾಯಿತು. "ಬೆಳಿಗ್ಗಿ ಎಂಟಕ್ಕ ಬಂದು ಮಲಗಾಂವ. ನಾ ಓಣ್ಯಾಗ ಒಂದು ಗುಬ್ಬಿ ಚಿಂವ್ ಅನ್ನಾಕ ಬಿಡ್ತಿದ್ದಿಲ್ಲ. ತಗಡಿನ ಮ್ಯಾಲ ಕಾಗಿ ಕುಂತ್ರ ಕಲ್ಲು ಒಗೀತಿದ್ದೆ."

"ಬಾಗಿಲು?"

"ಮುಚ್ಚೇ ಇರ್ತಿತ್ತು."

"ಆಗ ದರಿದ್ರ ಬರ್ಲಿಲ್ವಾ ಮನೆಗೆ?"

ಮಹಾದೇವಕ್ಕ ಚಹಾದ ಬಸಿ ಕೆಳಗಿಟ್ಟರು. "ಅಂವಾ ಗಂಡಸು. ರಾತ್ರಿ ಪೂರಾ ದುಡದು ಬರ್ತಿದ್ದ. ಇಕಿ ರಾತ್ರಿ ಮಲಗತಾಳಲ್ರಿ?"

"ಶಶಿಕಾಂತ್, ನೀವೇ ಹೇಳಿ. ಆಗ ನೀವು ಎಷ್ಟು ಗಂಟೆ ಮಲಗ್ತಿದ್ರಿ?"

"ಆರು ತಾಸು. ಒಮ್ಮೊಮ್ಮೆ ಏಳು."

"ಶಿವಾನಿ?"

ಶಶಿಕಾಂತ್ ಹೆಂಡತಿಯ ಮುಖ ನೋಡಿದ. ಅವನು ಎಂದೂ ಎಣಿಸಿರಲಿಲ್ಲ. ಶಿವಾನಿ ತನ್ನ ಚಾರ್ಟ್ ಮುಂದೆ ತಳ್ಳಿದಳು. ಅವನು ಓದಿದ. ಮತ್ತೊಮ್ಮೆ ಓದಿದ.

"ಅವ್ವಾ," ಎಂದ, "ನಾ ನೈಟ್ ಮಾಡಿದಾಗೂ ಇಷ್ಟು ಕಮ್ಮಿ ಮಲಗಿದ್ದಿಲ್ಲ. ರಾತ್ರಿ ರೊಟ್ಟಿ, ಪಾತ್ರಿ ಇನ್ನ ನನಗಿರ್ಲಿ."

"ನೀ ರೊಟ್ಟಿ ಬಡದ್ರ ತುರ್ಭೆ ನಾಯಿನೂ ತಿನ್ನಂಗಿಲ್ಲ," ಎಂದರು ಮಹಾದೇವಕ್ಕ. "ರೊಟ್ಟಿ ನಾ ಮಾಡ್ತೀನಿ. ನೀ ಪಾತ್ರಿ ತಿಕ್ಕು." ಆಮೇಲೆ ಮಾನಸಿಯ ಕಡೆ ತಿರುಗಿದರು. "ಎಷ್ಟೊತ್ತು ಮಲಗಬೇಕ್ರಿ ಇಕಿ?"

"ಒಂದೂವರೆ ಗಂಟೆ. ಹನ್ನೆರಡೂವರೆಯಿಂದ ಎರಡು."

"ಅಷ್ಟೇನ? ನನ್ನ ಮಗಗ ಆರು ತಾಸು ಕಾದೀನಿ. ಒಂದೂವರಿ ತಾಸು ಏನ್ ದೊಡ್ಡದು!"

ಸೋಮವಾರ ಹನ್ನೆರಡೂವರೆಗೆ ಬಾಗಿಲು ಮುಚ್ಚಿತು. ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಹಾದೇವಕ್ಕ ಕೂತರು. ಮಡಿಲಲ್ಲಿ ಸುಲಿಯಲು ಬೆಳ್ಳುಳ್ಳಿ, ಮೊಣಕಾಲಿಗೆ ಒರಗಿಸಿದ ಕೋಲು. ಚಂದ್ರಬಾಯಿ ಬಾಯಿ ತೆರೆಯುವ ಮೊದಲೇ ಹೇಳಿದರು: "ಶಿವಾನಿ ಮಲಗ್ಯಾಳ. ಜ್ವರಾ ಇಲ್ಲ, ಜಗಳಾ ಇಲ್ಲ. ಡ್ಯೂಟಿ ಐತಿ, ಅದಕ್ಕ ಮಲಗ್ಯಾಳ. ಬಾಗ್ಲ ತಟ್ಟಬ್ಯಾಡ್ರಿ."

ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. "ಉರಿ ಸಣ್ಣ ಮಾಡ!" ಎಂದು ಅತ್ತ ಕೋಲು ತೋರಿಸಿದರು. ಈರುಳ್ಳಿ-ಬಟಾಟೆಯ ಕೈಗಾಡಿ ಭೋಂಗಾ ಎಂಬ ಧ್ವನಿವರ್ಧಕ ಕೂಗಿಸುತ್ತ ಓಣಿಯೊಳಗೆ ತಿರುಗಿತು. ಮಹಾದೇವಕ್ಕ ಎದ್ದು ಅಡ್ಡ ನಿಂತರು. "ಭಾವೂ, ಭೋಂಗಾ ಬಂದ್ ಕರಾ! ಸೂನ್ ಝೋಪಲಿ ಆಹೆ!" ಸೊಸೆ ಮಲಗಿದ್ದಾಳೆಂದು ಗಾಡಿ ನಿಲ್ಲಿಸಿದ ಅತ್ತೆಯನ್ನು ಆ ವ್ಯಾಪಾರಿ ಮೊದಲ ಸಲ ನೋಡಿರಬೇಕು. ಭೋಂಗಾ ಆರಿಸಿ, ಗಾಡಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋದ.

ಮೊದಲ ದಿನ ಶಿವಾನಿಗೆ ನಿದ್ದೆ ಬರಲಿಲ್ಲ. ಬಾರದಿದ್ದರೂ ಫೋನ್ ದೂರವಿಟ್ಟು, ಕಣ್ಣು ಮುಚ್ಚಿ ಮಲಗಬೇಕೆಂದು ಮಾನಸಿ ಹೇಳಿದ್ದರು. ಮಂಗಳವಾರ ಇಪ್ಪತ್ತು ನಿಮಿಷ ಬಂತು. ಬುಧವಾರ ಒಂದು ಗಂಟೆ. ಗುರುವಾರ ಅಲಾರ್ಮ್ ಕೂಗಿದಾಗ ಅವಳು ಎಲ್ಲಿದ್ದೇನೆಂದೇ ಗೊತ್ತಾಗದಷ್ಟು ಗಾಢವಾಗಿ ಮಲಗಿದ್ದಳು. ರಾತ್ರಿ ಹತ್ತಕ್ಕೆ ಹಾಸಿಗೆ, ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಮಧ್ಯಾಹ್ನ ಒಂದೂವರೆ. ಒಟ್ಟು ಎಂಟು ತಾಸು. ಸಂಜೆ ನಾಲ್ಕರ ನಂತರ ಚಹಾ ಇಲ್ಲ.

ಅದೇ ಗುರುವಾರ ಚಂದ್ರಬಾಯಿ ಸ್ಟೂಲಿನ ಪಕ್ಕ ಬಂದು ನಿಂತಳು. ಅವಳದೂ ಬೆಳಗ್ಗೆ ಎರಡು ಮನೆ, ಸಂಜೆ ಎರಡು ಮನೆಯ ಕೆಲಸ.

"ಮಹಾದೇವಕ್ಕಾ, ನಾನೂ ಒಂದು ತಾಸು ಅಡ್ಡಾಗ್ಲೇನು? ನನ್ನ ಬಾಗಲಕಡೀನೂ ಒಂದ್ ಕಣ್ಣಿಡ್ರಿ."

"ಇಡ್ತೀನಿ. ಬೆಳ್ಳುಳ್ಳಿ ನೀ ತಂದ್ಕೊಡಬೇಕು ಮತ್ತ."

ನೌಪಾಡಾದಲ್ಲಿ ಕಿಟ್ಟಿ ದಿನವೂ ಬ್ರೇಕ್ ನೋಡುತ್ತಿದ್ದ. ಶಿವಾನಿ ಬ್ರೇಕ್ ಹಾಕಿ, ಕೈಯಿಂದ ಕುರ್ಚಿ ಅಲುಗಿಸಿ ನೋಡಿ, ಬಾಯಿಬಿಟ್ಟು "ಬ್ರೇಕ್ ಹಾಕೀನಿ" ಎಂದ ಮೇಲೇ ಜಾನಕಿಯವರನ್ನು ಎಬ್ಬಿಸುತ್ತಿದ್ದಳು. ಶುಕ್ರವಾರ ಸಂಜೆ ಅವಳೇ ಕಿಟ್ಟಿಯನ್ನು ತಡೆದಳು. "ಸರ್, ಆ ಚಾರ್ಜರ್ ವೈರ್ ತೆಗೀರಿ. ಅಮ್ಮಾರ ಕಾಲಿಗೆ ಸಿಗತೈತಿ." ವೈರ್ ಬಾಗಿಲಿಗೆ ಅಡ್ಡಲಾಗಿ ಬಿದ್ದಿತ್ತು. ಅದನ್ನು ಅಲ್ಲಿ ಬಿಟ್ಟವನು ಕಿಟ್ಟಿಯೇ. ಅವನು ವೈರ್ ಸುತ್ತಿಟ್ಟು, ಶಿವಾನಿ ತನ್ನ ನಿದ್ದೆಗೆಂದು ಬರೆಯುತ್ತಿದ್ದ ಚಾರ್ಟ್ ತೆಗೆದು ಓದಿದ.

"ಸಿಸ್ಟರ್‌ಗೆ ಫೋನ್ ಮಾಡ್ತೀನಿ," ಎಂದ. "ಬೇರೆಯವರು ಬೇಡ ಅಂತ ಹೇಳ್ತೀನಿ. ಭಾನುವಾರ ಅಮ್ಮ ನಡೀಲಿ."

"ಎಂಟು ದಿನ ತಗೊಂಡೆ ಕಣೋ ಇದನ್ನ ಹೇಳಕ್ಕೆ," ಎಂದರು ಜಾನಕಿಯವರು.

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಅಭಯ್ ಮುಂದೆ ನಿಂತರು. ಕಿಟ್ಟಿ ಗಾಲಿಕುರ್ಚಿ ತಳ್ಳುತ್ತ ಹಿಂದೆ ಬರಲು ಸಿದ್ಧನಾದ. ಶಿವಾನಿ ಜಾನಕಿಯವರ ಸೋತ ಎಡಮಗ್ಗುಲಲ್ಲಿ, ಅರ್ಧ ಹೆಜ್ಜೆ ಹಿಂದೆ, ಸೊಂಟಪಟ್ಟಿ ಹಿಡಿದು ನಿಂತಳು.

"ರಾತ್ರಿ ನಿದ್ದೆ?" ಅಭಯ್ ಕೇಳಿದರು.

"ಆರೂವರಿ ತಾಸು. ನಿನ್ನಿ ಮಧ್ಯಾಹ್ನ ಒಂದೂವರಿ."

"ನನ್ನನ್ನ ಯಾರೂ ಕೇಳಲ್ವೇ?" ಎಂದರು ಜಾನಕಿಯವರು. "ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಸಾಸಿವೆಯದೇ ಯೋಚನೆ!"

"ಹಾಗಾದ್ರೆ ಇವತ್ತು ಬೇಡ," ಎಂದರು ಅಭಯ್, ಮುಖ ಗಂಭೀರ ಮಾಡಿಕೊಂಡು.

"ಸುಳ್ಳು ಸುಳ್ಳು! ಚೆನ್ನಾಗಿ ಮಲಗಿದ್ದೆ. ನಡೀರಿ!"

ಒಂದು. ಎರಡು. ಮೂರು. ಬಲಗೈಯಲ್ಲಿ ಊರುಗೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಹಾಲ್ ದಾಟುವಾಗ ಹತ್ತು. ಹಿಂದೆಂದೂ ದಾಟದ ಹೆಜ್ಜೆ ಹನ್ನೊಂದು. ಕಿಟ್ಟಿ ಗಟ್ಟಿಯಾಗಿ ಎಣಿಸುತ್ತಿದ್ದ. ಹದಿನೈದನೇ ಹೆಜ್ಜೆಗೆ ಅಡುಗೆಮನೆಯ ಬಾಗಿಲು. ಅಲ್ಲಿ ಎದ್ದಿರುವ ಸಣ್ಣ ಕಲ್ಲಿನ ಹೊಸ್ತಿಲು. ಜಾನಕಿಯವರ ಎಡಗಾಲು ಅದರ ಮೇಲೆ ಬಂತು, ಮಂಡಿ ಕುಸಿಯಿತು.

ಶಿವಾನಿಯ ಮುಷ್ಟಿ ಆಗಲೇ ಬಿಗಿದಾಗಿತ್ತು. ಮಂಡಿ ಕುಸಿಯುವ ಮೊದಲೇ ಅದರ ನಡುಕವನ್ನು ಅವಳು ಕಂಡಿದ್ದಳು. ತನ್ನ ಮೊಣಕಾಲನ್ನು ಅವರ ಮೊಣಕಾಲಿಗೆ ಒತ್ತುಕೊಟ್ಟು, ಪಟ್ಟಿಯನ್ನು ತನ್ನ ಸೊಂಟದ ಹತ್ತಿರ ಎಳೆದು ಹಿಡಿದಳು. ಜಾನಕಿಯವರು ಒಂದು ಇಂಚೂ ಕೆಳಗಿಳಿಯಲಿಲ್ಲ.

"ನಿಲ್ರಿ ಅಮ್ಮಾರ. ಉಸಿರು ತಗೋರಿ. ನಾ ಹಿಡದೀನಿ."

ಕಿಟ್ಟಿ ಎಣಿಸುವುದನ್ನೇ ಮರೆತಿದ್ದ. ಜಾನಕಿಯವರು ಉಸಿರೆಳೆದುಕೊಂಡರು. ಮಂಡಿ ನೆಟ್ಟಗಾಯಿತು.

"ಹದಿನಾರು ಅನ್ನೋ, ಗೂಬೆ!" ಎಂದು ಮಗನಿಗೆ ಗದರಿದರು.

"ಹದಿನಾರು! ಹದಿನೇಳು! ಹದಿನೆಂಟು!"

ಕಟ್ಟೆಗೆ ಅವರನ್ನು ಒರಗಿಸಿ ನಿಲ್ಲಿಸಿದರು. ಕಾದ ಎಣ್ಣೆಯ ಸೌಟನ್ನು ಅಭಯ್ ಹಿಡಿದರು. ಜಾನಕಿಯವರು ಬಲಗೈಯಿಂದ ಸಾಸಿವೆ ಹಾಕಿದರು. ಚಟಪಟ ಸಿಡಿಯಿತು. ಇಂಗು, ಕರಿಬೇವು, ಒಣಮೆಣಸು. ಸಾರಿನೊಳಗೆ ಸುರಿದದ್ದೇ ತಡ, ಮನೆ ತುಂಬ ಘಮ. ಕಿಟ್ಟಿ ಕಣ್ಣೊರೆಸಿಕೊಂಡು, ಮೆಣಸಿನ ಘಾಟು ಎಂದ. ಯಾರೂ ನಂಬಲಿಲ್ಲ.

"ಶಿವಾನಿ ಇವತ್ತು ಇಲ್ಲೇ ಊಟ," ಎಂದರು ಜಾನಕಿಯವರು. "ನಾಲ್ಕು ಗಂಟೆವರೆಗೂ ಹರಟೆ ಹೊಡಿಯೋಣ. ಪಾಯಸ ಮಾಡಿಸ್ತೀನಿ."

ಗಡಿಯಾರದಲ್ಲಿ ಹನ್ನೊಂದು. ಒಂದು ತಿಂಗಳ ಹಿಂದಾಗಿದ್ದರೆ ಶಿವಾನಿ ಉಳಿದುಕೊಳ್ಳುತ್ತಿದ್ದಳು. ದೊಡ್ಡವರ ಮಾತಿಗೆ ಇಲ್ಲ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ. ಈಗ ಡಬ್ಬಿ ಮುಂದೆ ಹಿಡಿದಳು.

"ಸಾರು ಹಾಕಿಕೊಡ್ರಿ ಅಮ್ಮಾರ, ಮನ್ಯಾಗ ಉಣ್ತೀನಿ. ನಾಳೆನೂ ನಿಮ್ಮನ್ನ ನಡಸಬೇಕಲ್ರಿ. ನಾ ಮಲಗಾಕ ಹೋಗಬೇಕು."

ಅವಳು ಅದನ್ನು ತಲೆ ಎತ್ತಿ ಹೇಳಿದಳು. ಜಾನಕಿಯವರು ತಾವೇ ಸೌಟು ಹಿಡಿದು ಡಬ್ಬಿ ತುಂಬಿದರು.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ಬೆಳಗ್ಗೆ ಒಂದು ತುಂಡು, ಸಂಜೆ ಒಂದು ತುಂಡು ದುಡಿಯುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಈ ಕಥೆ ನಿಮ್ಮದು. ಇಂದೇ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ನಿಮ್ಮ ಹೆಸರು ಬರೆಯಿರಿ. ಕಳೆದ ಇಪ್ಪತ್ನಾಲ್ಕು ತಾಸಿನಲ್ಲಿ ಎಷ್ಟು ಮಲಗಿದಿರಿ, ಎಷ್ಟು ಸಲ ಕೂತು ಉಂಡಿರಿ, ಎಷ್ಟು ನೀರು ಕುಡಿದಿರಿ, ಬರೆಯಿರಿ. ನಿದ್ದೆ ಏಳು ತಾಸಿಗಿಂತ ಕಡಿಮೆಯಿದ್ದರೆ ಆ ಹಾಳೆಯನ್ನು ಮನೆಯವರಿಗೆ, ಮೇಲ್ವಿಚಾರಕರಿಗೆ ತೋರಿಸಿ. ಹೊತ್ತು ಬದಲಿಸಬಹುದೇ ಎಂದು ಕೇಳಿ. ಏಳೆಂಟು ತಾಸು ಮಲಗಿದರೂ ದಿನವಿಡೀ ತೂಕಡಿಕೆ ಬಿಡದಿದ್ದರೆ ವೈದ್ಯರನ್ನು ಕಾಣಿ. ತಪ್ಪಾದರೆ, ಅನಾಹುತ ಕೂದಲೆಳೆಯಲ್ಲಿ ತಪ್ಪಿದ್ದರೂ, ಮುಚ್ಚಿಡಬೇಡಿ.

ಆರೈಕೆಗೆ ಜನ ಇಟ್ಟುಕೊಂಡಿರುವ ಮನೆಯವರೇ, ನಿಮ್ಮ ತಾಯಿ-ತಂದೆಯ ಸೊಂಟಪಟ್ಟಿ ಹಿಡಿಯುವ ಕೈ ನಿನ್ನೆ ಎಷ್ಟು ತಾಸು ಮಲಗಿತ್ತು ಎಂದು ಒಮ್ಮೆ ಕೇಳಿ ನೋಡಿ. ಆ ಪ್ರಶ್ನೆಗೆ ಖರ್ಚಿಲ್ಲ.

ಇನ್ನು ನೆರೆಹೊರೆಯವರು, ಅತ್ತೆ-ಮಾವಂದಿರು, ಗಂಡಂದಿರು: ದುಡಿಯುವ ಹೆಣ್ಣಿನ ಹಗಲು ನಿದ್ದೆ ಸೋಮಾರಿತನವಲ್ಲ, ಅದು ಅವಳ ಕೆಲಸದ ಅರ್ಧ ಭಾಗ. ಅವಳು ಮಲಗಿದಾಗ ಬಾಗಿಲ ಬಳಿ ಕೂರಲು ನಿಮ್ಮಲ್ಲಿ ಯಾರು ಮುಂದೆ ಬರುತ್ತೀರಿ?